ಇಲ್ಲಿ ಅಂದರೆ ಎಲ್ಲಿ?

ವಿದ್ಯಾರಣ್ಯಪುರಕ್ಕೆ ಯಾರನ್ನಾದರೂ ಕರೆದರೆ ‘ಲಾಸ್ಟ್ ಬಸ್ ಸ್ಟಾಪಲ್ಲಿ ಇಳೀರಿ’ ಅನ್ನುತ್ತೇವೆ. ಅದೀಗ ಜಾಗದ ಹೆಸರೇ ಆಗಿಬಿಟ್ಟಿದೆ. ಆದರೆ ಯಾರಿಗೆ ಲಾಸ್ಟ್? ಮೆಜೆಸ್ಟಿಕ್‌ನಿಂದ ಹೊರಟವರಿಗೆ. ಬೆಳಿಗ್ಗೆ ಬಸ್ ಹತ್ತುವ ನನಗೆ ಅದು ಮೊದಲ ಸ್ಟಾಪ್. ಊರ ನಡುವೆ ನಿಂತವರ ಕಣ್ಣಿಗೆ ಕಂಡ ಹೆಸರನ್ನು ಅಂಚಿನಲ್ಲಿರುವ ನಾವೂ ಬಳಸುತ್ತೇವೆ. ಇದರಿಂದ ತೊಂದರೆಯೇನಿಲ್ಲ, ಕೇಳುವವರು ಮನುಷ್ಯರು, ಅರ್ಥ ಮಾಡಿಕೊಳ್ಳುತ್ತಾರೆ. ಸರ್ವರ್ ಮೇಲೆ ಓಡುವ ಸ್ಕ್ರಿಪ್ಟ್‌ಗೆ ಆ ಸೌಕರ್ಯವಿಲ್ಲ.

ಹಿರಿಯ ಸಂಶೋಧಕರೊಬ್ಬರು ಹಳ್ಳಿಗಳಲ್ಲಿ ಧ್ವನಿಮುದ್ರಿಸಿದ ಹಾಡುಗಳನ್ನು ಹುಡುಕಿ ಕೇಳಲು ಪುಟ್ಟ ಜಾಲತಾಣವೊಂದನ್ನು ಮಾಡಿದ್ದರು. ಅವರು ಪದವಿ ಮುಗಿಸಿ ಹೋದರು, ಸರ್ವರ್ ಬದಲಾಯಿತು, ತಾಣ ನಿಂತಿತು. ಹಾಡುಗಳೆಲ್ಲ ಹೊಸ ಡಿಸ್ಕ್‌ನಲ್ಲಿ ಭದ್ರವಾಗಿದ್ದವು. ಹಾಡಿದ ಅಜ್ಜಿಯರಲ್ಲಿ ಕೆಲವರು ಈಗಿಲ್ಲ, ದನಿ ಇತ್ತು. ಆದರೂ ಪರದೆಯ ಮೇಲೆ ‘ಅಂಥ ಫೈಲ್ ಇಲ್ಲ’ ಎಂಬ ಸಾಲು. ಸ್ಕ್ರಿಪ್ಟ್ ತೆರೆದರೆ ಹತ್ತಾರು ಕಡೆ, ಆ ಹಿರಿಯರ ಹೆಸರಿನ ಫೋಲ್ಡರ್ ಮೂಲಕವೇ ಹಾದುಹೋಗುವ ಪೂರ್ತಿ ವಿಳಾಸಗಳು. ಮನೆ ಖಾಲಿ ಮಾಡಿ ಹೋದವರ ಹೆಸರಿಗೆ ಬರುತ್ತಲೇ ಇರುವ ಅಂಚೆಯ ಹಾಗೆ.

ಹಾಗಾದರೆ ಪೂರ್ತಿ ವಿಳಾಸ ಬಿಟ್ಟು ‘ಇಲ್ಲೇ ಪಕ್ಕದ ಫೋಲ್ಡರ್‌ನಲ್ಲಿದೆ’ ಎಂದು ಬರೆದರೆ? ವಿನಯದ ಮಾತಿನಂತೆ ಕಾಣುತ್ತದೆ. ಆದರೆ ಆ ‘ಇಲ್ಲಿ’ ಸಾಮಾನ್ಯವಾಗಿ ಸ್ಕ್ರಿಪ್ಟ್ ಇರುವ ಜಾಗವಲ್ಲ, ಅದನ್ನು ಓಡಿಸಿದವರು ಆಗ ನಿಂತಿದ್ದ ಜಾಗ. ಬರೆದವರು ಅದೇ ಫೋಲ್ಡರ್‌ನಲ್ಲಿ ಕೂತು ಟರ್ಮಿನಲ್‌ನಿಂದ ಓಡಿಸುತ್ತಾರೆ, ಸರಿಯಾಗಿ ನಡೆಯುತ್ತದೆ. ನಡುರಾತ್ರಿ ಅದನ್ನೇ ತಾನಾಗಿ ಓಡಿಸುವ ಕ್ರಾನ್ ನಿಂತಿರುವುದು ಬಳಕೆದಾರರ ಹೋಮ್ ಫೋಲ್ಡರ್‌ನಲ್ಲಿ. ವೆಬ್ ಸರ್ವರ್ ಇನ್ನೆಲ್ಲೋ. ನಾನು ‘ಇಲ್ಲಿ ಮಳೆ’ ಅಂದರೆ ಒಂದೂರು, ಫೋನಿನ ಆ ತುದಿಯಿಂದ ಅಮ್ಮ ‘ಇಲ್ಲೂ ಮಳೆ’ ಅಂದರೆ ಇನ್ನೊಂದೂರು. ಪದ ಬದಲಾಗಿಲ್ಲ, ನೆಲ ಬದಲಾಗಿದೆ.

ತತ್ವಜ್ಞಾನಿ ಜಾನ್ ಪೆರಿ 1977ರ ಪ್ರಬಂಧದಲ್ಲಿ ಒಂದು ಕಥೆ ಕಟ್ಟುತ್ತಾರೆ. ನೆನಪು ಕಳೆದುಕೊಂಡ ರುಡಾಲ್ಫ್ ಲಿಂಗೆನ್ಸ್ ಎಂಬಾತ ಸ್ಟ್ಯಾನ್‌ಫರ್ಡ್ ಗ್ರಂಥಾಲಯದೊಳಗೆ ದಾರಿ ತಪ್ಪಿದ್ದಾನೆ. ಅಲ್ಲಿ ತನ್ನದೇ ಜೀವನಚರಿತ್ರೆಯನ್ನು ಓದುತ್ತಾನೆ, ಆ ಗ್ರಂಥಾಲಯದ ವಿವರವಾದ ವರ್ಣನೆಯನ್ನೂ ಓದುತ್ತಾನೆ. ಆದರೂ ‘ಇದೇ ಆ ಜಾಗ, ನಾನೇ ಆತ’ ಎನ್ನುವ ತನಕ ತಾನೆಲ್ಲಿದ್ದೇನೆಂದು ಅವನಿಗೆ ತಿಳಿಯದು. ಪೂರ್ತಿ ವಿಳಾಸಗಳ ರಾಶಿ ಕೊಟ್ಟರೂ ‘ಇಲ್ಲಿ’ ಸಿಗುವುದಿಲ್ಲ. ಸ್ಕ್ರಿಪ್ಟ್‌ಗೂ ಇದೇ ಕೊರತೆ. ಪಿಎಚ್‌ಪಿ ಭಾಷೆಗೆ 2009ರ 5.3ನೇ ಆವೃತ್ತಿಯಲ್ಲಿ, ‘ನಾನು ಬರೆಯಲ್ಪಟ್ಟಿರುವ ಫೈಲ್ ಇರುವ ಫೋಲ್ಡರ್’ ಎಂದು ಹೇಳುವ ಪುಟ್ಟ ಪದವೊಂದು ಬಂತು. ಪೈಥಾನ್‌ನಲ್ಲೂ ಅಂಥದ್ದಿದೆ. ಆ ಪದವನ್ನು ಹಿಡಿದು ಬರೆದರೆ ಇಡೀ ಗಂಟನ್ನು ಎಲ್ಲಿಗೆ ಹೊತ್ತೊಯ್ದರೂ ಒಳಗಿನ ಫೈಲುಗಳು ಪರಸ್ಪರ ಸಿಗುತ್ತವೆ.

ಪಾಸ್‌ವರ್ಡ್, ಡೇಟಾಬೇಸಿನ ಹೆಸರು ಮುಂತಾದವನ್ನು ಮಾತ್ರ ಹೊತ್ತೊಯ್ಯುವಂತಿಲ್ಲ. ಅವು ಆಯಾ ಜಾಗದವು, ಜಾಗವೇ ಹೇಳಬೇಕು. ವೆಬ್ ಸರ್ವರ್ ಸ್ಕ್ರಿಪ್ಟ್‌ಗೆ ಏನೇನು ತಿಳಿಸಬೇಕೆಂಬ ಸಿಜಿಐ ನಿಯಮಾವಳಿ 2004ರಲ್ಲಿ ದಾಖಲಾಗಿದೆ. ನನಗೆ ಅದು ಅತಿಥಿ ಸತ್ಕಾರದ ಪಟ್ಟಿಯಂತೆ ಕಂಡಿತು: ನಿನ್ನನ್ನು ಯಾವ ಹೆಸರಿನಿಂದ ಕರೆದರು, ಕರೆದವರು ಯಾರು, ಈ ಮನೆಯ ಹೆಸರೇನು.

ಇದರಲ್ಲಿ ನೀತಿಯ ಪ್ರಶ್ನೆ ಎಲ್ಲಿ ಬಂತು, ಇದು ಬರೀ ಅಚ್ಚುಕಟ್ಟುತನವಲ್ಲವೇ ಎಂದು ಗೆಳೆಯನೊಬ್ಬ ಕೇಳಿದ. ನಾನು ಒಪ್ಪಲಿಲ್ಲ. ಬರೆದವರ ಯಂತ್ರದಲ್ಲಿ ಅದು ಸದಾ ಓಡುತ್ತಿತ್ತು, ಆದ ನಷ್ಟ ಅವರ ಕಣ್ಣಿಗೆ ಎಂದೂ ಬೀಳಲಿಲ್ಲ. ನಷ್ಟ ಉಂಡವರು ಆಮೇಲೆ ಬಂದವರು, ಅವರಿಗಿಂತ ಹೆಚ್ಚಾಗಿ ನಾಲ್ಕು ಜನ ಕೇಳಲಿ ಎಂದು ಹಾಡಿದ ಅಜ್ಜಿಯರು. ಅವರ ಋಣ ಇದ್ದದ್ದು ನಮ್ಮ ಮೇಲೆ, ಯಂತ್ರದ ಮೇಲಲ್ಲ. ಇದರ ಇನ್ನೊಂದು ಅತಿಯೂ ಇದೆ. ಕೆಲವರು ನಲವತ್ತು ಸೆಟ್ಟಿಂಗ್‌ಗಳನ್ನು ಖಾಲಿ ಬಿಟ್ಟು ‘ನೀವೇ ತುಂಬಿಕೊಳ್ಳಿ’ ಅನ್ನುತ್ತಾರೆ. ಔದಾರ್ಯದಂತೆ ಕಾಣುವ ಅದು, ತೀರ್ಮಾನಿಸುವ ಕಷ್ಟವನ್ನು ಬರುವವರ ತಲೆಗೆ ಕಟ್ಟುವುದು.

ಹಾಡುಗಳ ತಾಣ ಈಗ ಮತ್ತೆ ತೆರೆಯುತ್ತದೆ. ಹೊಸ ಸರ್ವರ್‌ಗೆ ಹೋದರೆ ಸ್ಕ್ರಿಪ್ಟ್ ಕೇಳುವುದು ಒಂದೇ: ಹಾಡುಗಳ ಫೋಲ್ಡರ್ ಎಲ್ಲಿದೆ? ಉತ್ತರ ಸಿಗದಿದ್ದರೆ ಖಾಲಿ ಪುಟ ತೋರಿಸುವುದಿಲ್ಲ. ಏನು ಬೇಕಿತ್ತು, ಅದನ್ನು ಯಾವ ಫೈಲ್‌ನಲ್ಲಿ ಬರೆಯಬೇಕು ಎಂದು ಕನ್ನಡದಲ್ಲಿ ಹೇಳಿ ನಿಲ್ಲುತ್ತದೆ.