ತಕ್ಷನ ಕೈಯ ಹತಾರ

ಬಾದರಾಯಣರ ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ, ಜೀವನು ನಿಜವಾಗಿ ಕರ್ತೃವೋ ಅಲ್ಲವೋ ಎಂಬ ಗಹನವಾದ ಜಿಜ್ಞಾಸೆಯ ನಡುವೆ, ತಕ್ಷನ, ಎಂದರೆ ಬಡಗಿಯ, ದೃಷ್ಟಾಂತವೊಂದು ಬರುತ್ತದೆ. ಸೂತ್ರವು ಅತ್ಯಂತ ಮಿತವಾದುದು. ಅಷ್ಟರಲ್ಲಿಯೇ ಮೂವರು ಆಚಾರ್ಯರು ಮೂರು ಬಗೆಯ ಬಡಗಿಗಳನ್ನು ಕಂಡಿದ್ದಾರೆ. ಶಂಕರರ ಬಡಗಿಯು ಬಾಚಿ ಮೊದಲಾದ ಹತಾರಗಳನ್ನು ಹಿಡಿದಿರುವವರೆಗೆ ಕರ್ತೃವಾಗಿ ದುಃಖಪಡುವವನು, ಅವನ್ನು ಕೆಳಗಿಟ್ಟು ಮನೆಗೆ ಬಂದೊಡನೆ ನಿರ್ವ್ಯಾಪಾರನಾಗಿ ಸುಖಿಸುವವನು. ರಾಮಾನುಜರ ಬಡಗಿಯು ಹತಾರಗಳು ಬಳಿಯಲ್ಲಿಯೇ ಇದ್ದರೂ ಇಚ್ಛೆಯಾದಾಗ ಮಾಡಿ, ಇಚ್ಛೆಯಿಲ್ಲದಾಗ ಸುಮ್ಮನಿರಬಲ್ಲವನು. ಉಡುಪಿಯ ಮಧ್ವಾಚಾರ್ಯರ ಬಡಗಿಯಾದರೋ ಮಾಡಿಸುವವನೊಬ್ಬನಿಗೆ ಅಧೀನನಾಗಿದ್ದುಕೊಂಡೇ ತಾನೂ ಮಾಡುವವನು.

ಆಯಾ ವ್ಯಾಪಾರಕ್ಕೆ ನಿಯತವಾದ ಕರಣಗಳನ್ನು ಅಪೇಕ್ಷಿಸಿಯೇ ಬಡಗಿಯು ಕರ್ತೃವೆನಿಸುವನೆಂದು ಶಂಕರರು ಆ ಪ್ರಸಂಗದಲ್ಲಿ ಹೇಳುವ ಮಾತು ನನ್ನನ್ನು ಬಹುಕಾಲದಿಂದ ಕಾಡುತ್ತಿದೆ. ಹಾಗೆ ನಿಯತಗೊಳಿಸಿದವರು ಯಾರು? ಹತಾರವನ್ನು ಆರಿಸುವ ಕೈ ಬಡಗಿಯದೇ ಆದರೂ, ಆ ಆಯ್ಕೆಯ ಮೊದಲ ಮಾತನ್ನು ಆಡುವುದು ಎದುರಿಗಿರುವ ಪದಾರ್ಥವೆಂದು ನನಗೆ ತೋರುತ್ತದೆ.

ಮರವನ್ನು ಎಳೆಯ ಉದ್ದಕ್ಕೆ ಸೀಳುವ ಗರಗಸದ ಹಲ್ಲುಗಳು ಸಾಲಾಗಿ ನಿಲ್ಲಿಸಿದ ಪುಟ್ಟ ಉಳಿಗಳಂತಿರಬೇಕು. ಅಡ್ಡಲಾಗಿ ಕೊಯ್ಯುವ ಗರಗಸಕ್ಕಾದರೆ ನಾರನ್ನು ಕತ್ತರಿಸಿಕೊಂಡು ಹೋಗುವ ಓರೆಯಂಚಿನ ಹಲ್ಲುಗಳೇ ಆಗಬೇಕು. ಕೀಸುಳಿಯನ್ನು ಎಳೆಗೆ ಎದುರಾಗಿ ನಡೆಸಿದರೆ, ಅಲಗು ಎಷ್ಟೇ ಹರಿತವಾಗಿದ್ದರೂ ನಾರು ಬುಡದಿಂದ ಕಿತ್ತೆದ್ದು ಹಲಗೆಯ ಮೈ ತರಿತರಿಯಾಗುತ್ತದೆ. ಲೋಹದ ಆಜ್ಞೆ ಬೇರೆ: ಹ್ಯಾಕ್ಸಾದ ಅಲಗಿನ ಮೂರು ಹಲ್ಲುಗಳಾದರೂ ಏಕಕಾಲದಲ್ಲಿ ಲೋಹದ ದಪ್ಪದ ಮೇಲೆ ಕೂತಿರಬೇಕು. ಅಂಗುಲಕ್ಕೆ 18 ಹಲ್ಲಿನ ಅಲಗು ದಪ್ಪ ಸರಳಿಗೆ ಒಗ್ಗುವುದಾದರೂ, ತೆಳುವಾದ ಕೊಳವೆಯ ಅಂಚಿಗೆ ಸಿಕ್ಕಿ ಹಲ್ಲು ಮುರಿದುಕೊಳ್ಳುತ್ತದೆ; ಅಲ್ಲಿ 32 ಹಲ್ಲಿನದೇ ಬೇಕು. ಇನ್ನು ನಮ್ಮ ಕಾಲದ ಸೃಷ್ಟಿಯಾದ ಪ್ಲಾಸ್ಟಿಕ್ಕಿಗೆ ಎಳೆಯೂ ಇಲ್ಲ, ಲೋಹದ ಕಾಠಿಣ್ಯವೂ ಇಲ್ಲ, ಆದಕಾರಣ ಅದು ಹೇಗೆ ಹೇಳಿದರೂ ಕೇಳುವುದೆಂಬ ಭ್ರಾಂತಿ ಹುಟ್ಟುವುದು ಸಹಜ. ಆದರೆ ಅಕ್ರಿಲಿಕ್ ಹಾಳೆಯನ್ನು ಅವಸರದಿಂದ ಕೊಯ್ದು ನೋಡಿ: ಘರ್ಷಣೆಯ ಕಾವಿಗೆ ಪುಡಿಯು ಕರಗಿ, ಗರಗಸವು ಮುಂದೆ ಸಾಗುತ್ತಿರುವಂತೆಯೇ ಹಿಂದಿನ ಸೀಳು ಅಂಟಿಕೊಳ್ಳತೊಡಗುತ್ತದೆ. ಮನುಷ್ಯನೇ ನಿರ್ಮಿಸಿದ ವಸ್ತುವೂ ಒಮ್ಮೆ ನಿರ್ಮಾಣವಾದ ಮೇಲೆ ತನ್ನ ಸ್ವಭಾವವನ್ನು ತಾನೇ ಕಾಪಾಡಿಕೊಳ್ಳುತ್ತದೆಯೆಂಬುದು ನನಗೆ ಸಾಮಾನ್ಯ ಸಂಗತಿಯಾಗಿ ಕಾಣುವುದಿಲ್ಲ.

ಹಾಗಾದರೆ ಬಡಗಿಯ ಸ್ವಾತಂತ್ರ್ಯವೆಂಬುದು ಉಳಿಯುವುದೆಲ್ಲಿ? ಎಳೆಯನ್ನು ಲೆಕ್ಕಿಸದೆ ಕೀಸುವ ಅಧಿಕಾರ ಆತನಿಗೆ ಉಂಟು. ರಾಮಾನುಜರು ಕಂಡ ಇಚ್ಛೆ ಸುಳ್ಳಲ್ಲ. ಆದರೆ ಆ ಇಚ್ಛೆಯು ಪದಾರ್ಥದ ಧರ್ಮಕ್ಕೆ ಒಲಿದು ನಡೆದಾಗಲಷ್ಟೇ ಕೆಲಸ ಕೈಗೂಡುವುದಾದ್ದರಿಂದ, ನನ್ನ ಮನಸ್ಸು ಮಧ್ವರ ಬಡಗಿಯ ಕಡೆಗೇ ವಾಲುತ್ತದೆ. ಮಾಡಿಸುವವನು ಮನೆ ಕಟ್ಟಿಸುವ ಯಜಮಾನನಂತೆ ಹೊರಗೆ ನಿಂತವನೇ ಆಗಿರಬೇಕಾಗಿಲ್ಲ. ಹಲಗೆಯ ಎಳೆಯೊಳಗಿಂದಲೂ ಆತನು ಮಾಡಿಸಬಲ್ಲನು. ಆದುದರಿಂದಲೇ ಶಂಕರರ ದೃಷ್ಟಾಂತದ ಒಂದಂಶವನ್ನು ನಾನು ವಿನಯದಿಂದಲೇ ಒಪ್ಪಲಾರೆನು: ಹತಾರ ಕೈಯಲ್ಲಿರುವವರೆಗೂ ದುಃಖವೇ ಎಂಬುದು ಮರದೊಡನೆ ಹೋರಾಡುವವನ ಪಾಡು. ಎಳೆಯ ದಿಕ್ಕನ್ನರಿತು ಕೀಸುಳಿ ಹಿಡಿದವನಿಗೆ ತಾನು ಮಾಡುತ್ತಿರುವೆನೆಂಬ ಭಾರವು ಕೆಲಸದ ನಡುವೆಯೇ ಇಳಿದಿರುತ್ತದೆ. ಅದಕ್ಕಾಗಿ ಆತನು ಮನೆಗೆ ಮರಳುವವರೆಗೆ ಕಾಯಬೇಕಾಗಿಲ್ಲ.