‘ನಮ್ಮ’ ವಿಮಾನ

ತರಗತಿಯಲ್ಲಿ ಷಷ್ಠೀ ವಿಭಕ್ತಿ ಹೇಳುವಾಗಲೆಲ್ಲ ‘ನಮ್ಮ’ ಎಂಬ ಪದದ ಬಳಿ ತುಸು ತಡೆಯುತ್ತೇನೆ. ಏರ್ ಇಂಡಿಯಾ ‘ನಮ್ಮ’ದಾಗಿತ್ತು. 1932ರಲ್ಲಿ ಜೆ. ಆರ್. ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಅಂಚೆ ಹೊತ್ತು ಹಾರಿ ಆರಂಭಿಸಿದ ಸಂಸ್ಥೆಯನ್ನು 1953ರಲ್ಲಿ ಸರ್ಕಾರ ರಾಷ್ಟ್ರದ ಸೊತ್ತಾಗಿಸಿತು. 2007ರಲ್ಲಿ ಇಂಡಿಯನ್ ಏರ್‌ಲೈನ್ಸನ್ನು ಅದರೊಡನೆ ಕೂಡಿಸಿದರೂ ನಷ್ಟ ನೀಗಲಿಲ್ಲ. 2018ರಲ್ಲಿ ಮಾರಹೊರಟಾಗ ಕೊಳ್ಳುವವರೇ ಬರಲಿಲ್ಲ. 2022ರಲ್ಲಿ ಅದು ಟಾಟಾ ಮನೆಗೇ ಮರಳಿತು. ಇದ್ದ ಸಾಲ ಸುಮಾರು 61,562 ಕೋಟಿ ರೂಪಾಯಿ. ಕೊಂಡವರು ಹೊತ್ತದ್ದು 15,300 ಕೋಟಿ. ಮಿಕ್ಕದ್ದು ಸರ್ಕಾರದ ತಲೆಗೆ, ಎಂದರೆ ವಿಮಾನದ ಮೆಟ್ಟಿಲನ್ನೇ ತುಳಿಯದವರ ತಲೆಗೂ. ನನ್ನ ತಾಯಿ ಕೊಳ್ಳುವ ಬೆಂಕಿಪೆಟ್ಟಿಗೆಯ ತೆರಿಗೆಯಲ್ಲೂ ಅದರ ಪಾಲಿದ್ದೀತು. ಇದು ನ್ಯಾಯವೆ?

ಅಲ್ಲವೆನ್ನಲು ಹೊರಟರೆ 1990 ಅಡ್ಡ ಬರುತ್ತದೆ. ಇರಾಕಿನ ದಾಳಿಗೆ ಸಿಕ್ಕಿ, ಕುವೈತ್ ಬಿಟ್ಟು, ಜೋರ್ಡಾನಿನ ಅಮ್ಮಾನ್ ಸೇರಿದ ಲಕ್ಷಕ್ಕೂ ಮಿಕ್ಕ ಭಾರತೀಯರನ್ನು ಊರಿಗೆ ತಂದಿಳಿಸಿದ್ದು ಈ ವಿಮಾನಗಳೇ. ಅವರಲ್ಲಿ ಕೂಲಿಗೆಂದು ಹೋದವರೂ ಇದ್ದರು. “ಬಾಡಿಗೆ ಕೊಟ್ಟರೆ ಯಾರ ವಿಮಾನವಾದರೂ ಹೋಗುತ್ತದಯ್ಯ,” ಎನ್ನುತ್ತಾನೆ ನನ್ನ ಗೆಳೆಯ. ಅವನು ಅರ್ಥಶಾಸ್ತ್ರದ ಅಧ್ಯಾಪಕ. ಇರಬಹುದು. ಮನೆಯ ಗಾಡಿ ಕಟ್ಟುವುದಕ್ಕೂ ಬಾಡಿಗೆಯ ಗಾಡಿಗೆ ಹೇಳಿಕಳಿಸುವುದಕ್ಕೂ ನಡುವೆ ಒಂದೇ ರಾತ್ರಿಯ ಅಂತರವೆನ್ನೋಣ. ಆದರೆ ಆ ರಾತ್ರಿ ಕಳೆಯಬೇಕಾದವನು ಅವನೂ ಅಲ್ಲ, ನಾನೂ ಅಲ್ಲ. ಅಮ್ಮಾನಿನಲ್ಲಿ ಗಂಟುಮೂಟೆಯ ಮೇಲೆ ಕುಳಿತವನು.