ಒಡ್ಡಿನ ಕೆಳಗೆ ಮಲಗುವವರು



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯವರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬರದಲ್ಲಿ ಬೆಂದ ನಮ್ಮ ಜಿಲ್ಲೆಯ ಹಲವು ಹಳೆಯ ಕೆರೆಗಳಿಗೆ ಕಳೆದ ದಶಕದಲ್ಲಿ ಏತ ಯೋಜನೆಗಳ ಮೂಲಕ ಕೃಷ್ಣೆಯ ನೀರು ಹರಿದುಬಂದಿತು. ಊರಿನ ಬಾಯಾರಿಕೆಗೆಂದು ಕಟ್ಟಿದ ವಿಜಯಪುರದ ಭೂತನಾಳ ಕೆರೆಗೆ ಈಗ ವಿಹಾರಕ್ಕೆಂದು ಬರುವವರೂ ಉಂಟು. ಅದರಲ್ಲಿ ತಪ್ಪೇನಿಲ್ಲ, ತುಂಬಿದ ನೀರನ್ನು ಕಂಡು ಹಿಗ್ಗದ ಮನಸ್ಸು ಯಾವುದು? ಆದರೆ ಒಡ್ಡಿನ ಮೇಲೆ ನಿಂತು ಹಿಗ್ಗುವವನಿಗೂ ಅದರ ಕೆಳಗೆ ಮಲಗುವವನಿಗೂ ಇರುವ ಸಂಬಂಧವೇನೆಂಬುದನ್ನು ನಿಮ್ಮೊಡನೆ ವಿಚಾರಿಸಬೇಕೆನಿಸಿದೆ.

ದೂರದ ಒಂದು ನಿದರ್ಶನವನ್ನು ಕೇಳಿರಿ. ಅಮೆರಿಕದ ಜಾರ್ಜಿಯಾ ಪ್ರಾಂತದ ಟೊಕೋವಾದಲ್ಲಿ ನಮ್ಮ ಮಠದ ಪಾಠಶಾಲೆಗಳಂತೆಯೇ ಧರ್ಮಶಿಕ್ಷಣ ಕೊಡುವ ಒಂದು ಕ್ರೈಸ್ತ ವಿದ್ಯಾಲಯವಿದೆ. ಅದರ ಮೇಲ್ಗಡೆ ಕೆಲ್ಲಿ ಬಾರ್ನ್ಸ್ ಎಂಬ, 40 ಅಡಿಗಿಂತ ಕಡಿಮೆ ಎತ್ತರದ ಮಣ್ಣಿನ ಒಡ್ಡಿತ್ತು. ವಿದ್ಯಾಲಯಕ್ಕೆ ವಿದ್ಯುತ್ತು ಒದಗಿಸುತ್ತಿದ್ದ ಆ ಜಲಾಶಯ 1957ರ ಬಳಿಕ ವಿಹಾರಕ್ಕಷ್ಟೇ ಉಳಿಯಿತು. ಒಡ್ಡಿನ ಮೈಮೇಲೆ ಮರಗಳು ಬೆಳೆದವು. 1973ರಲ್ಲಿ ಕೆಳಮೈ ಒಂದೆಡೆ ಕುಸಿದು ಜಾರಿತು. 1977ರ ನವೆಂಬರ್ 6ರ ನಡುರಾತ್ರಿ ಕಳೆದ ಮೇಲೆ, ಭಾರಿ ಮಳೆಯಲ್ಲಿ ಅದು ಒಡೆಯಿತು. ಕೆಳಗೆ 39 ಜನ ಸತ್ತರು.

ಅಲ್ಲಿ ಯಾರೂ ಕೇಡನ್ನು ಬಯಸಿರಲಿಲ್ಲ. ಹಾಗಾದರೆ ದೋಷವೆಲ್ಲಿ? ನಮಗೆ ತೋರುವುದಿಷ್ಟು: ನೀರು ಕಾಯಕಕ್ಕೆ ಬೇಕಾಗಿರುವವರೆಗೆ ಅದನ್ನು ಕಾಯುವ ಕಣ್ಣೊಂದು ಇರುತ್ತದೆ. ಹೊಲಕ್ಕೆ ನೀರು ಬಿಡುವವನು ದಿನವೂ ತೂಬನ್ನು ನೋಡುತ್ತಾನೆ, ಕೋಡಿಯನ್ನು ನೋಡುತ್ತಾನೆ. ವಿನೋದಕ್ಕೆ ಬಂದವನಾದರೋ ನೀರನ್ನು ಮಾತ್ರ ನೋಡುತ್ತಾನೆ. ಅದೇ ದೇಶದ ಜಾನ್ಸ್‌ಟೌನ್ ನಗರದ ಮೇಲ್ಗಡೆ ಸಿರಿವಂತರ ಕೂಟವೊಂದರ ವಿಹಾರದ ಕೆರೆಯಿತ್ತು. ಮೀನು ತಪ್ಪಿಸಿಕೊಳ್ಳಬಾರದೆಂದು ಕೋಡಿಗೆ ಜಾಲರಿ ಕಟ್ಟಿದ್ದರು! 1889ರಲ್ಲಿ ಆ ಮಣ್ಣಿನ ಒಡ್ಡು ಒಡೆದು 2,200ಕ್ಕೂ ಹೆಚ್ಚು ಜನ ಕೊಚ್ಚಿಹೋದರು.

"ನಾನು ಕಟ್ಟಿದ್ದಲ್ಲ, ನೋಡಿಕೊಳ್ಳಲು ಸರಕಾರವಿದೆ" ಎನ್ನಬಹುದು. 2021ರ ಅಣೆಕಟ್ಟು ಸುರಕ್ಷತಾ ಕಾಯಿದೆ 15 ಮೀಟರಿಗಿಂತ ಎತ್ತರದವಕ್ಕೂ, 10ರಿಂದ 15 ಮೀಟರಿನೊಳಗಿನ ಕೆಲವಕ್ಕೂ ಅನ್ವಯಿಸುತ್ತದೆ. ಅದಕ್ಕಿಂತ ಚಿಕ್ಕ ಕೆರೆಗಳು ಅದರ ಹೊರಗೇ ಉಳಿದಿವೆ. "ನೂರು ವರ್ಷ ನಿಂತಿದೆ" ಎಂಬ ಮಾತಂತೂ ಇನ್ನೂ ಹುಸಿಯಾದ ನೆಮ್ಮದಿ. ಎರೆಮಣ್ಣು ಒಣಗಿದರೆ ಬಿರಿಯುತ್ತದೆಂಬುದನ್ನು ನಮ್ಮ ರೈತರಿಗೆ ಹೇಳಬೇಕೆ? ಬಹುಕಾಲ ಬತ್ತಿದ್ದ ಕೆರೆ ಒಮ್ಮೆಲೇ ತುಂಬಿದಾಗ ಆ ಬಿರುಕು, ಹೆಗ್ಗಣದ ಬಿಲ, ಕೊಳೆತ ಜಾಲಿಯ ಬೇರು ಎಲ್ಲವೂ ನೀರಿಗೆ ದಾರಿಯಾಗುತ್ತವೆ.

ಶಿವಯೋಗಿ ಸಿದ್ಧರಾಮೇಶ್ವರರ ಕೆರೆ ಇಂಡಿಗೆ ಸಮೀಪದ ಸೊಲ್ಲಾಪುರದಲ್ಲಿ ಇಂದಿಗೂ ಇದೆ. ಕೆರೆ ಕಟ್ಟಿಸಿದವರನ್ನು ನಾವು ಕೊಂಡಾಡುತ್ತೇವೆ. ಶತಮಾನಗಳುದ್ದಕ್ಕೂ ಹೂಳೆತ್ತಿ, ಕಲ್ಲು ಸರಿಪಡಿಸಿ ಉಳಿಸಿದವರನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅವರದೂ ಕಾಯಕವೇ. ಕೆರೆಯ ಸುಖವನ್ನುಂಡವನು ಆ ಕಾಯಕದ ಋಣವನ್ನೂ ಹೊತ್ತಿರುತ್ತಾನೆ. ಅರಿಯಲು ಆಗುತ್ತಿದ್ದುದನ್ನು ಅರಿಯದಿದ್ದುದು ಅವನಿಗೆ ನೆವವಾಗದು.

ಮಠದಲ್ಲಿ ಕಲಿತುಹೋದ ನಿಮ್ಮಲ್ಲಿ ಎಷ್ಟೋ ಜನ ಇಂದು ಊರಿನ ಹಿರಿಯರಾಗಿದ್ದೀರಿ. ಮುಂಗಾರಿಗೆ ಮುನ್ನ ಒಮ್ಮೆ, ಕೆರೆ ತುಂಬಿದಾಗ ಮತ್ತೊಮ್ಮೆ, ಒಡ್ಡಿನ ಮೇಲಲ್ಲದೆ ಅದರ ಬುಡದಲ್ಲಿಯೂ ನಡೆದು ನೋಡಿರಿ. ಕೋಡಿ ಹೂತಿದೆಯೇ, ಅದರ ದಾರಿಯಲ್ಲಿ ಯಾರಾದರೂ ಗೋಡೆ ಎಬ್ಬಿಸಿದ್ದಾರೆಯೇ? ಬುಡದಲ್ಲಿ ಜಿನುಗುವ ನೀರು ತಿಳಿಯಾಗಿದ್ದರೂ ಗುರುತಿಟ್ಟುಕೊಂಡು ತಿಳಿಸಿರಿ. ಕದಡಿ ಬರುತ್ತಿದ್ದರೆ ನೀರಿನೊಡನೆ ಒಡ್ಡಿನ ಮಣ್ಣೇ ಹೊರಟಿದೆಯೆಂದು ತಿಳಿದು, ಕೆಳಗಿನ ಮನೆಯವರನ್ನು ಮೊದಲು ಎಬ್ಬಿಸಿರಿ. ತಹಸೀಲ್ದಾರರಿಗೆ ಆ ಕ್ಷಣವೇ ಸುದ್ದಿ ಮುಟ್ಟಿಸಿರಿ.